ನೀರಾವರಿ ಕಾಲುವೆ ಜಾಲಗಳ ಮುಪ್ಪು ಮತ್ತು ಸುರಕ್ಷತೆ

ಜಲಾಶಯದ ತೂಬಿನಿಂದ ರೈತನ ಗದ್ದೆಯ ಬದುವಿನವರೆಗೆ ನೀರನ್ನು ಇಳಿಜಾರಿನ ಬಲದಿಂದಲೇ ಒಯ್ಯುವ ಮುಖ್ಯ ನಾಲೆ, ವಿತರಣಾ ನಾಲೆ, ಉಪಕಾಲುವೆ, ಹೊಲಗಾಲುವೆಗಳನ್ನೂ ಅವುಗಳ ಮೇಲಿನ ಗೇಟು, ತೂಬು, ಮೇಲ್ಗಾಲುವೆ, ಸುರಂಗ, ಸೇತುವೆಗಳನ್ನೂ ಒಟ್ಟಾಗಿ ಕಾಲುವೆ ಜಾಲ ಎನ್ನುತ್ತಾರೆ. ಕರ್ನಾಟಕದ ದೊಡ್ಡ ಜಾಲಗಳಿಗೆಲ್ಲ ಈಗ ವಯಸ್ಸಾಗಿದೆ. ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯ ನಾಲೆ 1930ರ ದಶಕದ್ದು. ತುಂಗಭದ್ರೆಯ ನಾಲೆಗಳು 1950ರ ದಶಕದಲ್ಲಿ ಹರಿಯತೊಡಗಿದವು. ಭದ್ರಾ ನಾಲೆಗಳು ಅದರ ಬೆನ್ನಿಗೇ ಬಂದವು. ಮಲಪ್ರಭೆಯವು 1970ರ ದಶಕದವು, ನಾರಾಯಣಪುರ ಎಡದಂಡೆ ನಾಲೆ 1980ರ ದಶಕದ್ದು.

ಇಂಥ ಜಾಲಗಳ ಬಗ್ಗೆ ಎರಡು ಪ್ರಶ್ನೆಗಳಿವೆ. ಕೊನೆ ಭಾಗದ ಹೊಲಕ್ಕೆ ಹೇಳಿದ ಹೊತ್ತಿಗೆ ಹೇಳಿದಷ್ಟು ನೀರು ಮುಟ್ಟುತ್ತದೆಯೇ ಎಂಬುದು ಒಂದು. ಏರಿ ನಿಲ್ಲುತ್ತದೆಯೇ, ಅದರ ಮೇಲೆ ಓಡಾಡುವವರು, ಕೆಳಗೆ ಮನೆ ಕಟ್ಟಿಕೊಂಡವರು ಕ್ಷೇಮವೇ ಎಂಬುದು ಇನ್ನೊಂದು. ಕಡತಗಳಲ್ಲಿ ಇವೆರಡೂ ಬೇರೆ ಬೇರೆ ಕಡೆ ಇರುತ್ತವೆ. ಆದರೆ ಏರಿಯಲ್ಲಿ ಇವೆರಡರ ಬೇರು ಬಹುಪಾಲು ಒಂದೇ: ವಿನ್ಯಾಸಕ್ಕೆ ಮೀರಿದ ಬಳಕೆ ಮತ್ತು ಮುಂದೂಡುತ್ತ ಬಂದ ರಿಪೇರಿ. ವಯಸ್ಸು ಎಂಬುದು ಕಟ್ಟಿದ ಇಸವಿಯ ಲೆಕ್ಕವಷ್ಟೇ ಅಲ್ಲ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ರಾಯ, ಬಸವಣ್ಣ, ತುರ್ತು ಮೊದಲಾದ ಕಾಲುವೆಗಳು ಐದು ಶತಮಾನ ದಾಟಿಯೂ ಹೊಸಪೇಟೆ, ಹಂಪಿ, ಗಂಗಾವತಿ ಸುತ್ತಿನ ಬಾಳೆ, ಭತ್ತ, ಕಬ್ಬಿಗೆ ನೀರುಣಿಸುತ್ತಿವೆ. ನೆರೆ ಬಂದಾಗ ಅವುಗಳ ಒಡ್ಡಿನ ಕಲ್ಲುಗಳು ಉರುಳಿಹೋದರೂ ಊರವರೇ ಮತ್ತೆ ಕೂಡಿಸಿ ನಿಲ್ಲಿಸಬಹುದಿತ್ತು. ಇಪ್ಪತ್ತನೇ ಶತಮಾನದ ನಾಲೆಗೆ ಆ ಅನುಕೂಲವಿಲ್ಲ. ಇಲ್ಲಿ ಒಂದು ಕಡೆ ಏರಿ ಹೋದರೆ ಕೆಳಗಿನ ನೂರಾರು ಹಳ್ಳಿಗಳಿಗೆ ನೀರು ನಿಲ್ಲುತ್ತದೆ.

ಏರಿ ಒಡೆಯುವ ಬಗೆ

ಮಣ್ಣಿನ ಏರಿ ಸಾಮಾನ್ಯವಾಗಿ ಮೂರು ದಾರಿಯಲ್ಲಿ ಒಡೆಯುತ್ತದೆ. ನೀರು ಮೇಲೆ ಉಕ್ಕಿ ಹೊರಮೈಯನ್ನು ಕೊರೆಯಬಹುದು. ಒಳಗೆ ಜಿನುಗಿ ಮಣ್ಣನ್ನು ಹೊತ್ತೊಯ್ಯಬಹುದು. ಇಲ್ಲವೇ ನೆನೆದ ಏರಿಯ ಮಗ್ಗುಲು ಜಾರಿ ಬೀಳಬಹುದು. ಹಳೆಯ ಕಾಲುವೆಗಳಲ್ಲಿ ಎರಡನೆಯದರ ಕಾಟ ಹೆಚ್ಚು. ಅದು ಶುರುವಾಗುವುದು ಹೆಚ್ಚಾಗಿ ಮಣ್ಣೂ ಕಟ್ಟಡವೂ ಸೇರುವ ಕಡೆ, ಅಂದರೆ ತೂಬಿನ ಪೈಪಿನ ಬದಿ, ಸೇತುವೆಯ ಪಕ್ಕದ ಗೋಡೆಯ ಹಿಂದೆ, ಹಳ್ಳ ದಾಟಿಸುವ ಮೋರಿಯ ಮೇಲೆ. ಕಲ್ಲುಕಟ್ಟಡವನ್ನು ಒತ್ತಿಕೊಂಡು ಮಣ್ಣನ್ನು ಧಮ್ಮಸ್ ಮಾಡುವುದು ಕಟ್ಟುವಾಗಲೇ ಕಷ್ಟ. ವರ್ಷಕ್ಕೊಮ್ಮೆ ಒಣಗಿ ವರ್ಷಕ್ಕೊಮ್ಮೆ ನೆನೆದು ಅಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಏಡಿ, ಇಲಿ, ಹೆಗ್ಗಣಗಳು ಅದನ್ನು ದೊಡ್ಡದು ಮಾಡುತ್ತವೆ. ಜಾಲಿಯ ಬೇರು ಕೊಳೆತು ಹೋದ ಜಾಗವೂ ಒಂದು ಕೊಳವೆಯೇ.

ಏರಿಯ ಹೊರಬದಿಯ ಬುಡದಲ್ಲಿ ಜಿನುಗುವ ನೀರನ್ನು ಕಂಡರೆ ಕಾಲುವೆ ಕಾಯುವ ಅನುಭವಿ ಗ್ಯಾಂಗ್‌ಮನ್ ಮೊದಲು ನೋಡುವುದು ಅದರ ಬಣ್ಣವನ್ನು. ತಿಳಿನೀರು ಬರುತ್ತಿದ್ದರೆ ಗುರುತು ಹಾಕಿ ಮರುದಿನ ಮತ್ತೆ ನೋಡುತ್ತಾನೆ. ನೀರು ಕದಡಿ ಬಂದರೆ ಒಳಗೆ ಮಣ್ಣು ಕದಲಿದೆ ಎಂದರ್ಥ, ಆಗ ಕಾಯುವಂತಿಲ್ಲ. ಹೊರಗೆ ತೇಪೆ ಹಾಕಿ ಬಾಯಿ ಮುಚ್ಚುವುದು ಹೊಸಬರು ಮಾಡುವ ಕೆಲಸ. ಒತ್ತಡ ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ತಿಳಿದವರು ಒಳಬದಿಯಲ್ಲಿ ಸುಳಿ ಏಳುವ ಜಾಗ ಹುಡುಕಿ ಅಲ್ಲಿ ಮರಳಿನ ಚೀಲ ಇಳಿಸುತ್ತಾರೆ. ಹೊರಬದಿಯಲ್ಲಿ ಚೀಲಗಳ ಬಳೆ ಕಟ್ಟಿ ನೀರು ನಿಲ್ಲಿಸಿ, ಎದುರು ಒತ್ತಡ ಕೊಟ್ಟು, ಮೇಲಿನ ಗೇಟಿಗೆ ಫೋನ್ ಮಾಡಿ ಹರಿವು ಇಳಿಸುತ್ತಾರೆ. ಅದನ್ನೂ ನಿಧಾನವಾಗಿ ಇಳಿಸಬೇಕು. ನಾಲೆಯ ನೀರು ತಟ್ಟನೆ ಕುಸಿದರೆ ನೆನೆದ ಏರಿಯೊಳಗಿನ ನೀರು ಹಿಂದಿನಿಂದ ತಳ್ಳಿ, ಕಾಂಕ್ರೀಟ್ ಹೊದಿಕೆಯ ಹಾಸುಗಳನ್ನೇ ಕಿತ್ತು ಹಾಕುತ್ತದೆ. ಉತ್ತರ ಕರ್ನಾಟಕದಲ್ಲಿ ಬೋಂಗಾ (ಏರಿಯಲ್ಲಿ ತೂತು) ಬಿತ್ತು ಎನ್ನುವ ಸುದ್ದಿಗಳ ಹಿಂದೆ ಸಾಮಾನ್ಯವಾಗಿ ಇಂಥದೇ ಕೆಲವು ಗಂಟೆಗಳ ಕಥೆ ಇರುತ್ತದೆ.

ನೀರು ಉಕ್ಕಿ ಒಡೆಯುವುದಕ್ಕೆ ಕಾರಣ ವಿಚಿತ್ರವೆನಿಸಬಹುದು: ಮಳೆ. ಹೊಲದಲ್ಲಿ ಹದ ಮಳೆ ಬಿದ್ದ ರಾತ್ರಿ ರೈತರು ತಮ್ಮ ತಮ್ಮ ತೂಬು ಮುಚ್ಚಿಬಿಡುತ್ತಾರೆ. ಹಂಚಿ ಹೋಗಬೇಕಿದ್ದ ನೀರೆಲ್ಲ ಕೆಳಗೆ ಓಡುತ್ತದೆ. ಕೆಳಗೆ ಹೋದಂತೆ ಕಾಲುವೆ ಕಿರಿದಾಗುವುದು ವಿನ್ಯಾಸದಲ್ಲೇ ಇದೆ. ದಿನ್ನೆಯ ಮಗ್ಗುಲಲ್ಲಿ ಸಮಮಟ್ಟ ಹಿಡಿದು ಸಾಗುವ ನಾಲೆಗೆ ಮೇಲಿನ ಗುಡ್ಡದ ಮಳೆನೀರೂ ಬಂದು ಸೇರುತ್ತದೆ. ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡಲೆಂದೇ ಅಲ್ಲಲ್ಲಿ ಎಸ್ಕೇಪ್ ಗೇಟುಗಳಿರುತ್ತವೆ. ವರ್ಷಗಟ್ಟಲೆ ಎತ್ತದ ಗೇಟು ಬೇಕಾದ ರಾತ್ರಿ ಏಳುವುದಿಲ್ಲ. ಎದ್ದರೂ ಅದರ ಕೆಳಗಿನ ಹಳ್ಳದಲ್ಲಿ ಯಾರೋ ಗದ್ದೆ ಮಾಡಿಕೊಂಡಿರುತ್ತಾರೆ.

ಬಿಲದ ಪ್ರಾಣಿಗಳನ್ನು ಹಗುರವಾಗಿ ಎಣಿಸಬಾರದು ಎನ್ನುವುದಕ್ಕೆ ಹೊರದೇಶದ ಒಂದು ಪ್ರಸಂಗ ಸಾಕು. ಅಮೆರಿಕದ ನೆವಾಡಾ ರಾಜ್ಯದಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ತೋಡಿದ ಟ್ರಕೀ ಕಾಲುವೆ 2008ರ ಜನವರಿ 5ರ ನಸುಕಿನಲ್ಲಿ ಫರ್ನ್ಲೀ ಪಟ್ಟಣದ ಬಳಿ ಒಡೆದು ಸುಮಾರು 590 ಮನೆಗಳಿಗೆ ನೀರು ನುಗ್ಗಿತು. ತನಿಖೆ ಬೊಟ್ಟು ಮಾಡಿದ್ದು ದಂಶಕಗಳು ಏರಿಯಲ್ಲಿ ತೋಡಿದ್ದ ಬಿಲಗಳನ್ನು. ಕಾಲುವೆ ಕಟ್ಟಿದಾಗ ಅಲ್ಲಿ ಹೊಲಗಳಿದ್ದವು, ಒಡೆದಾಗ ಬಡಾವಣೆಗಳಿದ್ದವು. ನಮ್ಮ ಮಂಡ್ಯ, ದಾವಣಗೆರೆ, ಗಂಗಾವತಿ, ಸಿಂಧನೂರುಗಳೂ ಏರಿಯ ಕೆಳಗೆ ಹಾಗೆಯೇ ಬೆಳೆಯುತ್ತಿವೆ.

ಎರೆಮಣ್ಣಿನ ತೊಡಕು

ತುಂಗಭದ್ರೆ, ಮಲಪ್ರಭೆ, ಕೃಷ್ಣೆಯ ಅಚ್ಚುಕಟ್ಟುಗಳ ದೊಡ್ಡ ಭಾಗ ಕಪ್ಪು ಎರೆನೆಲ. ಈ ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಅಂಗೈ ತೂರುವಷ್ಟು ಬಿರಿಯುತ್ತದೆ. ಇದರ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟ್ ಹೊದಿಕೆ ಕೆಲವೇ ವರ್ಷಗಳಲ್ಲಿ ಉಬ್ಬಿ ಒಡೆಯುತ್ತದೆ. ಐಐಟಿ ಬಾಂಬೆಯಲ್ಲಿದ್ದ ಪ್ರೊ. ಆರ್.ಕೆ. ಕಟ್ಟಿ ಅವರು ಮಲಪ್ರಭಾ ಬಲದಂಡೆ ನಾಲೆಯ ಸಮಸ್ಯೆಗೆ ಹುಡುಕಿದ ಉತ್ತರ ಇಂದು ದೇಶದ ಹಲವೆಡೆ ಬಳಕೆಯಲ್ಲಿದೆ. ಉಬ್ಬುವ ಮಣ್ಣಿಗೂ ಕಾಂಕ್ರೀಟಿಗೂ ನಡುವೆ, ಅಂಟಿನ ಗುಣವಿದ್ದೂ ಉಬ್ಬದ ಮರಂ ಜಾತಿಯ ಮಣ್ಣಿನ ಒಂದು ದಪ್ಪ ಪದರ ಹಾಸಿ ಧಮ್ಮಸ್ ಮಾಡುವುದು. ಭಾರತೀಯ ಮಾನಕ ಸಂಸ್ಥೆಯ ಮಾರ್ಗಸೂಚಿಯಲ್ಲೂ ಅದು ಸೇರಿತು. ವಿಧಾನ ಸರಳ. ಕಷ್ಟವಿರುವುದು ಸಾಗಣೆಯಲ್ಲಿ: ಎರೆ ಸೀಮೆಯಲ್ಲಿ ಒಳ್ಳೆಯ ಮರಂ ದೂರದಿಂದ ಬರಬೇಕು, ಮತ್ತು ಕಾಂಕ್ರೀಟಿನ ಕೆಳಗೆ ಹೋದ ಪದರ ಎಷ್ಟು ಅಂಗುಲವಿದೆ ಎಂದು ಬಿಲ್ಲು ಪಾಸಾದ ಮೇಲೆ ಯಾರೂ ಅಗೆದು ನೋಡುವುದಿಲ್ಲ.

ಕೊನೆ ಭಾಗ

ಕೊಪ್ಪಳದ ಮುನಿರಾಬಾದಿನಿಂದ ಹೊರಟು ರಾಯಚೂರು ಜಿಲ್ಲೆಯೊಳಗೆ ಸಾಗುವ ತುಂಗಭದ್ರಾ ಎಡದಂಡೆ ಮುಖ್ಯ ನಾಲೆಯ ಉದ್ದ 227 ಕಿ.ಮೀ. ಎರಡೂ ಜಿಲ್ಲೆಗಳ ಸುಮಾರು 6 ಲಕ್ಷ ಎಕರೆಗೆ ಅದು ನೀರು ಕೊಡಬೇಕು. ಅಳತೆ ಕಿಲೋಮೀಟರಿಗೆ ಬದಲಾಗಿ ದಶಕಗಳಾದರೂ ಇಲ್ಲಿನ ಮಾತು ಇನ್ನೂ ಮೈಲಿನಲ್ಲೇ ನಡೆಯುತ್ತದೆ. 69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ, 104ನೇ ಮೈಲಿಗೆ ಎಷ್ಟು ಬಿಟ್ಟರು ಎಂಬ ಲೆಕ್ಕದ ಮೇಲೆ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಹೋರಾಟಗಳು ನಿಂತಿವೆ.

ಈ ನಾಲೆಯನ್ನು ಯೋಜಿಸಿದ್ದು ಬರಗಾಲದಿಂದ ಕಾಪಾಡಲು. ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ತೆಳುವಾಗಿ ಹರಡಿ ಹೆಚ್ಚು ಜನರಿಗೆ ನೀರು ಮುಟ್ಟಿಸುವುದು ಲೆಕ್ಕಾಚಾರವಾಗಿತ್ತು. ಭತ್ತಕ್ಕೆ ಸಣ್ಣ ಪಾಲು. ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ನಾಲೆಯ ತಲೆಭಾಗದಲ್ಲಿ ಭತ್ತ ಹಾಕಿದರು. ನೋಡನೋಡುತ್ತ ಸ್ಥಳೀಯರೂ ಅದೇ ದಾರಿ ಹಿಡಿದರು, ಸೋನಾ ಮಸೂರಿ ಗಂಗಾವತಿಯ ಗುರುತಾಯಿತು. ಡಚ್ ವಿದ್ವಾಂಸ ಪೀಟರ್ ಮೋಲಿಂಗ ಈ ನಾಲೆಯ ಮೇಲೆಯೇ ಬರೆದ 'ಆನ್ ದ ವಾಟರ್‌ಫ್ರಂಟ್' ಎಂಬ ಅಧ್ಯಯನ, ತೂಬು ಎಷ್ಟು ತೆರೆಯಬೇಕೆಂಬುದು ಹೈಡ್ರಾಲಿಕ್ಸಿನ ಪ್ರಶ್ನೆಯಾಗಿ ಉಳಿಯದೆ ಊರಿನ ರಾಜಕೀಯದ ಪ್ರಶ್ನೆಯಾದದ್ದನ್ನು ತೋರಿಸಿತು.

ಇದರಿಂದ ಕಟ್ಟಡದ ಮೇಲೂ ಪರಿಣಾಮವಾಯಿತು. ಕೊನೆ ಭಾಗದವರ ಒತ್ತಾಯಕ್ಕೆ ಮೇಲಿನಿಂದ ವಿನ್ಯಾಸದ ಮಿತಿಯವರೆಗೂ ನೀರು ಹರಿಸಬೇಕು. ನೀರಿನ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಬಿಟ್ಟಿದ್ದ ಅಂಚು ಕರಗುತ್ತದೆ. ತಲೆಭಾಗದಲ್ಲಿ ಏರಿಯೊಳಗೆ ಕಳ್ಳ ಪೈಪು ಹುಗಿದರು, ನಾಲೆಗೆ ಪಂಪ್‌ಸೆಟ್ ಇಟ್ಟರು. ಅಗೆದು ಪೈಪು ಹುಗಿದು ಮೇಲೆ ಮಣ್ಣು ಎಳೆದ ಪ್ರತಿಯೊಂದು ಜಾಗವೂ ಮೇಲೆ ಹೇಳಿದ ಸಂದಿನ ಹೊಸ ತವರು. ಬೇಸಿಗೆ ಬೆಳೆಯ ಕೊನೆಗೆ ನಾಲೆಯ ಉದ್ದಕ್ಕೂ ನಿಷೇಧಾಜ್ಞೆ ಹೊರಡಿಸಿ ಪೊಲೀಸರನ್ನು ನಿಲ್ಲಿಸುವುದು ವಾಡಿಕೆಯಾಗಿದೆ. ವಾರಾಬಂದಿ, ಆನ್ ಅಂಡ್ ಆಫ್ ಎಂಬ ಸರದಿ ಪದ್ಧತಿಗಳೂ ಹೊಸದೊಂದು ಹಾನಿ ಮಾಡುತ್ತವೆ. ಪದೇಪದೇ ತುಂಬಿ ಬರಿದಾಗುವ ಕಾಲುವೆಯ ಹೊದಿಕೆ ಸಮನಾಗಿ ಹರಿಯುವ ಕಾಲುವೆಯದಕ್ಕಿಂತ ಬೇಗ ಕೀಳುತ್ತದೆ.

ತಲೆಭಾಗದಲ್ಲಿ ಹೆಚ್ಚಾದ ನೀರು ನೆಲ ಸೇರಿ ಸವಳು-ಜವಳು ಹರಡಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಉಪ್ಪುನೆಲದ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಬಸಿಗಾಲುವೆಗಳಿಲ್ಲದ ನೀರಾವರಿ ಅರ್ಧ ನೀರಾವರಿ ಎಂದು ಅಲ್ಲಿ ಬೇರೆ ಹೇಳಬೇಕಿಲ್ಲ.

ಕಟ್ಟಡಗಳು

ಸುರಂಗ, ಮೇಲ್ಗಾಲುವೆ, ಗೇಟುಗಳಿಗೆ ಬದಲಿ ದಾರಿ ಇರುವುದಿಲ್ಲ. ಅದಕ್ಕೇ ಅವುಗಳಿಂದಾಗುವ ನಷ್ಟ ಏರಿಯ ನಷ್ಟಕ್ಕಿಂತ ದೊಡ್ಡದು. ತುಂಗಭದ್ರಾ ಬಲದಂಡೆ ಕೆಳಮಟ್ಟದ ನಾಲೆ ಬಳ್ಳಾರಿ ತಾಲ್ಲೂಕಿನ ಬೈರದೇವನಹಳ್ಳಿ ಬಳಿ ವೇದಾವತಿ ನದಿಯನ್ನು ಕಂಬಗಳ ಮೇಲಿನ ಮೇಲ್ಗಾಲುವೆಯಲ್ಲಿ ದಾಟುತ್ತದೆ. 2022ರ ಮಳೆಗಾಲದಲ್ಲಿ ಅದೇ ನದಿಯ ಮೇಲ್ಭಾಗದ ವಾಣಿವಿಲಾಸ ಸಾಗರ ಜಲಾಶಯ 1933ರ ಬಳಿಕ ಮೊದಲ ಸಲ ಕೋಡಿ ಬಿದ್ದಿತ್ತು. ದಶಕಗಳ ಕಾಲ ಮರಳ ಹಾಸಾಗಿದ್ದ ವೇದಾವತಿ ಮೈದುಂಬಿ ಹರಿಯಿತು. ಆ ನೆರೆಯ ಬೆನ್ನಿಗೇ ಮೇಲ್ಗಾಲುವೆಯ ಕಂಬ ಕುಸಿದು, ಬೆಳೆ ನಡುವಿನಲ್ಲಿರುವಾಗಲೇ ಬಳ್ಳಾರಿ ಜಿಲ್ಲೆಗೂ ಆಂಧ್ರಕ್ಕೂ ಹೋಗುವ ನೀರು ನಿಂತಿತು. ಆಗ ಸಚಿವರಾಗಿದ್ದ ಬಿ. ಶ್ರೀರಾಮುಲು ದುರಸ್ತಿಯ ಜಾಗದಲ್ಲೇ ವಾಸ್ತವ್ಯ ಹೂಡಿ ಸುದ್ದಿಯಾದರು. ಇಲ್ಲಿ ಗಮನಿಸಬೇಕಾದ ಅಂಶ ಬೇರೆಯಿದೆ. ಮೇಲಿನ ತೊಟ್ಟಿಲನ್ನು ಎಲ್ಲರೂ ನೋಡುತ್ತಾರೆ, ಸೋರಿದರೆ ಕಾಣುತ್ತದೆ. ಅಡಿಪಾಯದ ಸುತ್ತಲಿನ ಮರಳು ಕೊರೆದುಹೋದದ್ದನ್ನು ನದಿ ಬತ್ತಿದಾಗ ಇಳಿದು ಅಳೆದವರಿಗಷ್ಟೇ ಗೊತ್ತಾಗುತ್ತದೆ.

ಅಮೆರಿಕದಲ್ಲೂ ನೂರು ತುಂಬಿದ ಕಟ್ಟಡಗಳು ಹೀಗೆಯೇ ಕೈಕೊಟ್ಟಿವೆ. 2019ರ ಜುಲೈಯಲ್ಲಿ ವಯೋಮಿಂಗ್ ರಾಜ್ಯದ ಗೆರಿಂಗ್-ಫೋರ್ಟ್ ಲಾರಮಿ ಕಾಲುವೆಯ ಸುರಂಗ ಕುಸಿದು ಒಂದು ಲಕ್ಷ ಎಕರೆಗೂ ಹೆಚ್ಚು ನೆಲಕ್ಕೆ ನೀರು ತಪ್ಪಿತು. 2024ರ ಜೂನ್‌ನಲ್ಲಿ ಮೊಂಟಾನಾದ ಸೇಂಟ್ ಮೇರಿ ಕಾಲುವೆಯ ಉಕ್ಕಿನ ಸೈಫನ್ ಕೊಳವೆಗಳು ಸಿಡಿದು ಬೆಟ್ಟದ ಮಗ್ಗುಲನ್ನೇ ಕೊಚ್ಚಿದವು. ನಮ್ಮ ವಿಶ್ವೇಶ್ವರಯ್ಯ ನಾಲೆಯೂ ಹುಲಿಕೆರೆಯ ಸುಮಾರು 2.8 ಕಿ.ಮೀ. ಸುರಂಗದೊಳಗೆ ನುಗ್ಗುತ್ತದೆ. ಸುರಂಗದಿಂದಾಚೆಗಿನ ಕಬ್ಬು, ಭತ್ತಗಳೆಲ್ಲ ಆ ಒಂದು ದಾರಿಯ ಮೇಲೆ ನಿಂತಿರುವುದರಿಂದ ಇವೆರಡೂ ಪ್ರಸಂಗಗಳನ್ನು ನಮ್ಮ ಎಂಜಿನಿಯರುಗಳು ಓದುವುದು ಒಳ್ಳೆಯದು.

ಗೇಟಿನ ವಿಷಯದಲ್ಲಿ ದೊಡ್ಡ ಪಾಠ ಅಣೆಕಟ್ಟಿನಿಂದಲೇ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ 60 ಅಡಿ ಅಗಲದ ಗೇಟು ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆಹಲಗೆಗಳನ್ನು ಇಳಿಸಿ ವಾರದೊಳಗೆ ಬಾಯಿ ಮುಚ್ಚಲಾಯಿತು; ಅಷ್ಟರಲ್ಲಿ 30 ಟಿಎಂಸಿ ಅಡಿಗೂ ಹೆಚ್ಚು ನೀರು ನದಿ ಸೇರಿತ್ತು. ಮೊದಲು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಈ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಈಗ 105.788 ಟಿಎಂಸಿ ಅಡಿಗೆ ಇಳಿದಿದೆ. ಉಪಕಾಲುವೆಗಳ ಸಾವಿರಾರು ಸಣ್ಣ ಗೇಟುಗಳ ಸರಪಳಿ, ಸ್ಕ್ರೂ, ರಬ್ಬರ್ ಸೀಲುಗಳ ಸ್ಥಿತಿ ಇದಕ್ಕಿಂತ ಉತ್ತಮವಿರುವ ಸಂಭವ ಕಡಿಮೆ. ಹಲವು ಕಡೆ ಎತ್ತುವ ಚಕ್ರವೇ ಇರುವುದಿಲ್ಲ. ರೈತರು ಕಲ್ಲು, ಹುಲ್ಲಿನ ಸಿಂಬಿ, ಗೋಣಿಚೀಲಗಳಿಂದ ಹರಿವು ತಿದ್ದಿಕೊಳ್ಳುತ್ತಾರೆ.

ಜೀವಹಾನಿ

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಇದ್ದರು. 2023ರ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ನಾಲೆಗೆ ಬಿದ್ದು ಐವರು ತೀರಿಕೊಂಡರು. ಏರಿಯ ಮೇಲಿನ ದಾರಿಯನ್ನು ಮಾಡಿದ್ದು ಎಂಜಿನಿಯರರ ಜೀಪು, ಗಾಡಿ, ಸೈಕಲ್ಲಿಗೆ. ಊರಿಗೆ ಬೇರೆ ನೇರ ರಸ್ತೆ ಇಲ್ಲದೆ ಅದೇ ಬಸ್ಸಿನ ದಾರಿಯಾಯಿತು, ಡಾಂಬರೂ ಬಿತ್ತು, ತಡೆಗೋಡೆ ಮಾತ್ರ ಪ್ರತಿ ಅವಘಡದ ಬಳಿಕ ಒಂದಷ್ಟು ದೂರ ಏಳುತ್ತ ಬಂತು. ರಸ್ತೆ ಒಂದು ಇಲಾಖೆಯದು, ಏರಿ ಇನ್ನೊಂದರದು ಎಂಬ ಕಾರಣಕ್ಕೆ ಈ ಕೆಲಸ ಕುಂಟಿದ್ದು ಕ್ಷಮೆಗೆ ಅರ್ಹವಲ್ಲ.

ಆಧುನೀಕರಣ ಇಲ್ಲೊಂದು ಅಪಾಯವನ್ನು ಹೆಚ್ಚಿಸಿದೆ. ಹಳೆಯ ಮಣ್ಣಿನ ಕಾಲುವೆಯಲ್ಲಿ ಬಿದ್ದವನಿಗೆ ಹಿಡಿಯಲು ಬೇರು, ಹುಲ್ಲು, ಕಾಲೂರಲು ಕೆಸರು ಸಿಗುತ್ತಿತ್ತು. ಕಾಂಕ್ರೀಟ್ ಹೊದಿಸಿದ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ನೀರಿನ ಓಟವೂ ಜಾಸ್ತಿ. ಈಜು ಬಲ್ಲವರೂ ಹತ್ತಲಾರದೆ ಸೋಲುತ್ತಾರೆ. ಬಟ್ಟೆ ಒಗೆಯಲು, ಎಮ್ಮೆ ಮೈತೊಳೆಯಲು ಇಳಿದವರನ್ನು ಉಳಿಸಲು ಹೋಗಿ ಮನೆಮಂದಿ ಒಬ್ಬರ ಹಿಂದೆ ಒಬ್ಬರು ಮುಳುಗುವುದು ಇದರಿಂದಲೇ. ಊರ ಹತ್ತಿರ ಮೆಟ್ಟಿಲು, ಅಲ್ಲಲ್ಲಿ ಕಬ್ಬಿಣದ ಏಣಿ, ಸುರಂಗದ ಬಾಯಿಗೆ ಮೊದಲು ಅಡ್ಡ ಹಗ್ಗ ಇವೆಲ್ಲ ಒಟ್ಟು ವೆಚ್ಚದ ಎದುರು ಪುಡಿಗಾಸು. ಅಂದಾಜುಪಟ್ಟಿಯಲ್ಲಿ ಕತ್ತರಿ ಬೀಳುವುದೂ ಇವುಗಳಿಗೇ ಮೊದಲು.

ದುರಸ್ತಿ ಮತ್ತು ಹಣ

ಕಾಲುವೆ ಕಾಯುವ ಜನ ಕಡಿಮೆಯಾದದ್ದು ಹಳೆಯ ಜಾಲಗಳ ದೊಡ್ಡ ನಷ್ಟ. ಹಳೇ ಮೈಸೂರಿನ ಸೌಡಿ, ತುಂಗಭದ್ರೆಯ ಗ್ಯಾಂಗ್‌ಮನ್ ನಿವೃತ್ತರಾದ ಹಾಗೆ ಆ ಜಾಗಗಳು ಗುತ್ತಿಗೆಗೆ ಹೋದವು. ಸಂಬಳ ಬಾಕಿಗಾಗಿ ಧರಣಿ ಕೂರುವವರಿಂದ ರಾತ್ರಿ ಪಹರೆ ನಿರೀಕ್ಷಿಸುವುದು ಕಷ್ಟ. ಯಾವ ತೂಬಿನ ಬದಿಯಲ್ಲಿ ಯಾವ ವರ್ಷ ಜಿನುಗಿತ್ತು ಎಂಬ ನೆನಪು ರಿಜಿಸ್ಟರಿನಲ್ಲಿ ಇರಲಿಲ್ಲ, ಅವರ ತಲೆಯಲ್ಲಿತ್ತು.

ನೀರಿನ ಕರದಿಂದ ನಿರ್ವಹಣೆ ನಡೆಯಬೇಕೆಂಬುದು ಕಾಗದದ ಮೇಲಿನ ತತ್ತ್ವ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳಲ್ಲಿ ಸಿಡಿದ ರೈತ ಬಂಡಾಯದ ಮೂಲದಲ್ಲಿ ಇದ್ದದ್ದು ನೀರಿನ ಕರ ಮತ್ತು ಅಭಿವೃದ್ಧಿ ಕರವೇ. ಸರಿಯಾಗಿ ಹರಿಯದ ನೀರಿಗೆ, ಜವಳಾದ ಹೊಲಕ್ಕೆ ಕರವೇಕೆ ಎಂಬ ಪ್ರಶ್ನೆಗೆ ಗೋಲಿಬಾರ್ ಉತ್ತರವಾಯಿತು. ಆ ಬಳಿಕ ಕರ ಏರಿಸುವ ಮಾತಿಗೆ ಯಾವ ಸರ್ಕಾರವೂ ಸುಲಭವಾಗಿ ಕೈಹಾಕಲಿಲ್ಲ. ರೈತರ ವಾದದಲ್ಲಿ ಹುರುಳಿತ್ತು. ಆದರೆ ಕೊಡದ ಸೇವೆಗೆ ಕರವಿಲ್ಲ, ಕರವಿಲ್ಲದ್ದರಿಂದ ಸೇವೆಯಿಲ್ಲ ಎಂಬ ಸುತ್ತು ಅಲ್ಲಿಂದ ಬಿಗಿಯಾಯಿತು. 2000ದಲ್ಲಿ 1965ರ ಕರ್ನಾಟಕ ನೀರಾವರಿ ಕಾಯ್ದೆಯನ್ನು ತಿದ್ದಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಉಪಕಾಲುವೆಗಳ ಹೊಣೆ ಕೊಡಲು ದಾರಿ ಮಾಡಲಾಯಿತು. ಧಾರವಾಡದ ವಾಲ್ಮಿ ಸಂಸ್ಥೆ ತರಬೇತಿ ಕೊಟ್ಟಿತು. ಚೆನ್ನಾಗಿ ನಡೆಯುವ ಸಂಘಗಳಿವೆ, ಫಲಕಕ್ಕಷ್ಟೇ ಉಳಿದವು ಅದಕ್ಕಿಂತ ಹೆಚ್ಚು.

ದೊಡ್ಡ ಹಣ ಬರುವುದು ಆಧುನೀಕರಣದ ಹೆಸರಿನಲ್ಲಿ. 10,000 ಕ್ಯುಸೆಕ್ ಹರಿಸಬಲ್ಲ ನಾರಾಯಣಪುರ ಎಡದಂಡೆ ನಾಲೆಯ ವಿಸ್ತರಣೆ, ನವೀಕರಣ, ಆಧುನೀಕರಣಕ್ಕೆ ಸುಮಾರು 4,700 ಕೋಟಿ ರೂಪಾಯಿ ತಗುಲಿತು. 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಅದನ್ನು ಉದ್ಘಾಟಿಸಿದರು. ಅಲ್ಲಿ ಸ್ಕಾಡಾ ವ್ಯವಸ್ಥೆಯ ಮೂಲಕ ಗೇಟುಗಳನ್ನು ದೂರದಿಂದಲೇ ಎತ್ತಿ ಇಳಿಸಬಹುದು, ಹರಿವನ್ನು ಪರದೆಯ ಮೇಲೆ ನೋಡಬಹುದು. ಕೊನೆ ಭಾಗಕ್ಕೆ ಎಷ್ಟು ಹೋಯಿತೆಂಬ ಜಗಳಕ್ಕೆ ಒಪ್ಪಿತ ಅಂಕಿ ಸಿಗುವುದೇ ದೊಡ್ಡ ಲಾಭ. ಆದರೆ ಸಂವೇದಕ ನೀರಿನ ಮಟ್ಟವನ್ನು ಹೇಳುತ್ತದೆ, ಏರಿಯ ಹೊರಬುಡದಲ್ಲಿ ಕದಡಿದ ನೀರು ಬರುತ್ತಿರುವುದನ್ನು ಹೇಳುವುದಿಲ್ಲ.

ದುರಸ್ತಿಗೆ ಸಿಗುವ ಕಾಲವೂ ಕುಗ್ಗಿದೆ. ಎರಡು ಭತ್ತದ ಬೆಳೆಯ ನಾಲೆ ಒಣಗುವುದು ಬೇಸಿಗೆಯ ಕೊನೆಯಲ್ಲಿ. ಆಗಲೂ ಕುಡಿಯುವ ನೀರಿಗೆ ಕೆರೆ ತುಂಬಿಸಲು ಒಂದು ಸುತ್ತು ಬಿಡಬೇಕು. ಟೆಂಡರು ಮುಗಿದು ಕೆಲಸ ಶುರುವಾಗುವ ಹೊತ್ತಿಗೆ ಮುಂಗಾರು ಬಾಗಿಲಲ್ಲಿರುತ್ತದೆ. ಕ್ಯೂರಿಂಗ್ ಆಗದ ಕಾಂಕ್ರೀಟಿನ ಮೇಲೆ ಜುಲೈಯಲ್ಲಿ ನೀರು ಹರಿಯುತ್ತದೆ.

ಕಾನೂನಿನ ಅಂತರ

ಸಂಸತ್ತು ಅಂಗೀಕರಿಸಿದ ಅಣೆಕಟ್ಟು ಸುರಕ್ಷತಾ ಕಾಯ್ದೆ, 2021ರ ಪ್ರಕಾರ ನಿಗದಿತ ಎತ್ತರದ ಅಣೆಕಟ್ಟುಗಳಿಗೆ ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ, ತುರ್ತು ಕಾರ್ಯಯೋಜನೆ, ದಾಖಲೆ, ಹೊಣೆಗಾರಿಕೆ ಎಲ್ಲವೂ ಕಡ್ಡಾಯ. ಅದೇ ಕಾಯ್ದೆಯ ವ್ಯಾಖ್ಯೆ ಕಾಲುವೆ, ಮೇಲ್ಗಾಲುವೆ ಮತ್ತು ಅಂಥ ರಚನೆಗಳನ್ನು ಅಣೆಕಟ್ಟಿನ ಅರ್ಥದಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ರಾಜ್ಯದ ನೀರಾವರಿ ಕಾಯ್ದೆ ಕಾಲುವೆಗೆ ಹಾನಿ ಮಾಡುವವರನ್ನು, ನೀರು ಕದಿಯುವವರನ್ನು ಶಿಕ್ಷಿಸುತ್ತದೆ. 2024ರ ತಿದ್ದುಪಡಿ ಆ ಶಿಕ್ಷೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಬೈರದೇವನಹಳ್ಳಿಯಂಥ ಮೇಲ್ಗಾಲುವೆಯ ಅಡಿಪಾಯವನ್ನು ಅಣೆಕಟ್ಟಿನಂತೆ ವರ್ಷಕ್ಕೆರಡು ಸಲ ಸ್ವತಂತ್ರ ಕಣ್ಣು ನೋಡಲೇಬೇಕೆಂಬ ಕಟ್ಟಳೆ ಆ ಕೇಂದ್ರ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಹೊಣೆ ಇಲಾಖೆಯ ಒಳಗಿನ ಪದ್ಧತಿಗೆ, ಆಯಾ ಉಪವಿಭಾಗದ ಎಂಜಿನಿಯರರ ಶ್ರದ್ಧೆಗೆ ಬಿಟ್ಟಿದ್ದು.

ಅಣೆಕಟ್ಟಿನ ವಿಷಯದಲ್ಲಾದರೆ, ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದ ಬಳಿಕ ಉಳಿದ ಗೇಟುಗಳನ್ನೂ ಬದಲಿಸಲು ತೀರ್ಮಾನವಾಯಿತು. 2025ರಲ್ಲಿ ಜಲಾಶಯದ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಿ, ಗೇಟುಗಳ ಕೆಲಸಕ್ಕಾಗಿ ಅಚ್ಚುಕಟ್ಟಿನ ಎರಡನೇ ಬೆಳೆಗೆ ನೀರು ಬಿಡದಿರಲು ನಿರ್ಧರಿಸಲಾಯಿತು.